ಕಡಿದ ಕಾಡು ಮರಳುವ ಬಗೆ

ಮಲೆನಾಡಿನವರ ಮಾತಿನಲ್ಲಿ ಮರಗಿಡವಿರುವ ನೆಲಕ್ಕೆಲ್ಲ ಒಂದೇ ಹೆಸರಿಲ್ಲ. ವರ್ಷವಿಡೀ ಹಸುರಾಗಿ ದಟ್ಟವಾಗಿರುವುದು ಕಾನು. ಅಡಕೆ ತೋಟಕ್ಕೆ ಸೊಪ್ಪು ಕೊಡುವುದು ಸೊಪ್ಪಿನಬೆಟ್ಟ. ಕುರುಚಲು ಬೆಳೆದದ್ದು ಹಕ್ಕಲು. ಕಡಿದು ಸುಟ್ಟು ಬಿತ್ತಿದ್ದು ಕುಮರಿ. ಕಾನನ್ನು ಕಡಿದರೆ ಹಕ್ಕಲಾಗುತ್ತದೆಂಬುದನ್ನು ಎಲ್ಲರೂ ಬಲ್ಲರು. ಆ ಹಕ್ಕಲು ಮತ್ತೆ ಕಾನಾದೀತೆ ಎಂಬುದು ಇಂದಿನ ಪ್ರಶ್ನೆ.

ಕಾಡು ಮರಳುವುದಕ್ಕೆ ಮುಖ್ಯವಾಗಿ ಮೂರು ದಾರಿಗಳುಂಟು. ಮೊದಲನೆಯದು ಬುಡದಿಂದ. ತೇಗ, ಮತ್ತಿ ಮೊದಲಾದ ಮರಗಳನ್ನು ಕಡಿದರೂ ಬೇರು ಸಾಯುವುದಿಲ್ಲ. ಕಬ್ಬಿನ ಕೂಳೆಯಂತೆ ಬೊಡ್ಡೆ ಚಿಗುರುತ್ತದೆ. ಹಳೆಯ ಬೇರಿನ ಬಲವಿರುವುದರಿಂದ ಈ ಚಿಗುರು ಬೀಜದ ಸಸಿಗಿಂತ ಬೇಗ ಏಳುತ್ತದೆ.

ಎರಡನೆಯದು ಮಣ್ಣಿನಿಂದ. ಕೆಲವು ಗಿಡಗಳ ಬೀಜಗಳು ನೆರಳಿನಲ್ಲಿ ಮೊಳೆಯದೆ ನೆಲದಲ್ಲಿ ಮಲಗಿದ್ದು, ಬಿಸಿಲು ಬಿದ್ದೊಡನೆ ಎಚ್ಚರಗೊಳ್ಳುತ್ತವೆ. ಇಂಥ ತೆರವುಗಳಲ್ಲಿ ಮೊದಲು ತಲೆಯೆತ್ತುವ ಮರಗಳಲ್ಲಿ ಕೊಡೆಯಂಥ ಎಲೆಯ ಉಪ್ಪಳಿಗೆಯೂ ಒಂದು. ಅದರ ಬೆಳವಣಿಗೆ ಬಲು ಬೇಗ, ಮರ ಮೃದು. ಬಿಸಿಲನ್ನು ಬಯಸುವ ಈ ಮರ ತಾನೇ ನೆರಳನ್ನು ಹರಡಿ, ಆ ನೆರಳಿನಲ್ಲಿ ತನ್ನ ಸಸಿಗಳೇ ಏಳದಂತೆ ಮಾಡಿಕೊಳ್ಳುತ್ತದೆ. ಅಲ್ಲಿ ಬೆಳೆಯುವುದು ನೆರಳನ್ನು ಸಹಿಸುವ ಅನ್ಯ ಜಾತಿಯ ಸಸಿಗಳು. ಮೊದಲು ಬಂದವರು ಮುಂದೆ ಬರುವವರಿಗೆ ಮನೆ ಕಟ್ಟಿಟ್ಟು ತಾವು ತೆರಳಿದ ಹಾಗೆ.

ಮೂರನೆಯದು ಹೊರಗಿನಿಂದ. ಪಿಕಳಾರ, ಕುಟ್ರು ಹಕ್ಕಿ, ಬಾವಲಿ, ಪುನುಗು ಬೆಕ್ಕುಗಳು ತಿಂದ ಹಣ್ಣಿನ ಬೀಜವನ್ನು ದೂರಕ್ಕೆ ಒಯ್ಯುತ್ತವೆ. ದಪ್ಪ ಬೀಜಗಳಿಗೆ ಮಂಗಟ್ಟೆ ಹಕ್ಕಿಯೇ ಬೇಕು. ಕಡಿದ ಬಯಲಿನಲ್ಲಿ ಒಂದೇ ಒಂದು ಮರ ಉಳಿದಿದ್ದರೂ ಹಕ್ಕಿಗಳು ಅಲ್ಲಿ ಕುಳಿತು ಬುಡದಲ್ಲಿ ಬೀಜ ಉದುರಿಸುತ್ತವೆ. ಆದರೆ ಸಾಲುಧೂಪ, ರಾಮಪತ್ರೆಗಳ ಬೀಜ ಒಣಗಿದರೆ ಸಾಯುತ್ತದೆ. ಮಣ್ಣಿನಲ್ಲಿ ಕಾದು ಕುಳಿತಿರಲಾರದು. ಸಮೀಪದಲ್ಲಿ ತಾಯಿಮರವಿಲ್ಲದಿದ್ದರೆ ಅವು ಬರುವುದೆಲ್ಲಿಂದ? ನಮ್ಮ ಹಿರಿಯರು ಉಳಿಸಿದ ದೇವರಕಾಡುಗಳು ಈ ದೃಷ್ಟಿಯಿಂದ ಬೀಜದ ಕಣಜಗಳು.

ಇದಕ್ಕೆ ಎಷ್ಟು ಕಾಲ ಹಿಡಿಯುತ್ತದೆ? ಅಮೆರಿಕ ಖಂಡಗಳ ಉಷ್ಣವಲಯ ಮತ್ತು ಪಶ್ಚಿಮ ಆಫ್ರಿಕದ 77 ಎಡೆಗಳಲ್ಲಿ, ಬೇಸಾಯ ಬಿಟ್ಟ ನೆಲವನ್ನು ಪರೀಕ್ಷಿಸಿದ ವಿಜ್ಞಾನಿಗಳು 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಉತ್ತರ ಕೊಟ್ಟಿದ್ದಾರೆ. ಮಣ್ಣಿನ ಸತ್ವ ಹತ್ತು ವರ್ಷಗಳೊಳಗೆ ಬಹುಮಟ್ಟಿಗೆ ಮರಳುತ್ತದೆ. ಕಾಡಿನ ಆಕಾರಕ್ಕೂ ಜಾತಿಗಳ ಸಂಖ್ಯೆಗೂ 25ರಿಂದ 60 ವರ್ಷ ಬೇಕು. ಹಳೆಯ ಕಾಡಿನಲ್ಲಿದ್ದ ಅವೇ ಜಾತಿಗಳು ಅದೇ ಪ್ರಮಾಣದಲ್ಲಿ ಕೂಡಲು 120 ವರ್ಷಕ್ಕೂ ಹೆಚ್ಚು. ಈ ಲೆಕ್ಕ ನಮ್ಮ ಘಟ್ಟಗಳಿಗೆ ಹಾಗೆಯೇ ಹೊಂದಬೇಕೆಂದಿಲ್ಲ. ಆದರೆ ಅದರ ಪಾಠ ಹೊಂದುತ್ತದೆ. ಮೊಮ್ಮಗನ ಕಣ್ಣಿಗೆ ಕಾಡಾಗಿ ತೋರುವುದು ಅಜ್ಜ ಕಂಡ ಕಾಡಾಗಿರಲಿಕ್ಕಿಲ್ಲ.

ಇದೂ ಅಡ್ಡಿಯಿಲ್ಲದಿದ್ದರೆ ಮಾತ್ರ. ವರ್ಷವರ್ಷವೂ ಬೆಂಕಿ ಬಿದ್ದರೆ ಸಸಿ ಮರವಾಗದು. ಲಂಟಾನ ಹಬ್ಬಿದರೆ ಸಸಿಗೆ ಬೆಳಕೇ ಸಿಗದು. ಕುಮರಿಯ ನೆಲವನ್ನು ದೀರ್ಘಕಾಲ ಪಾಳು ಬಿಟ್ಟಾಗ ಕಾಡು ಮರಳುತ್ತಿತ್ತು. ಬಿಡುವು ಕಡಿಮೆಯಾದಂತೆ ಮರಳುವ ಶಕ್ತಿಯೂ ಕುಂದುತ್ತಿತ್ತು. ಬರಿದಾದ ಗುಡ್ಡ ಕಂಡೊಡನೆ ಅಕೇಶಿಯಾ ಸಾಲು ನೆಟ್ಟು ಹಸುರಾಯಿತೆಂದು ಸಮಾಧಾನಪಡುವುದು ನಮಗೆ ಸುಲಭ. ನೆಟ್ಟದ್ದು ತೋಪು, ಕಾಡಲ್ಲ.

ಬೆಂಕಿಯನ್ನು ತಡೆದು, ಕೊಡಲಿಯನ್ನು ದೂರವಿಟ್ಟು, ಹತ್ತಿರದ ಹಳೆಯ ಮರವನ್ನು ಉಳಿಸಿ, ಸುಮ್ಮನೆ ಕಾಯುವುದೂ ಒಂದು ಕೃಷಿಯೇ. ಅದರ ಫಲವನ್ನು ನೆಟ್ಟವರು ಉಣ್ಣಲಾರರು, ಕಾದವರೂ ಉಣ್ಣಲಾರರು. ಹಾಗೆಂದು ಕಾಯದಿರಲು ನಮಗೆ ಹಕ್ಕಿದೆಯೆ?