ನಿಮಗಿದು ಗೊತ್ತೆ? ನೋವೇ ಅರಿಯದ ಮುಂಬೈ ಹೀರೊ

1985ರ 'ಮರ್ದ್' ಚಿತ್ರದಲ್ಲಿ ಅಮಿತಾಭ್ ಬಚ್ಚನ್ ಹೊಡೆದ ಡೈಲಾಗ್ ಮೂರು ದಶಕದ ನಂತರ ಇನ್ನೊಂದು ಸಿನಿಮಾಕ್ಕೆ ಹೆಸರಾಯಿತು: 'ಮರ್ದ್ ಕೋ ದರ್ದ್ ನಹೀ ಹೋತಾ'. ಗಂಡಸಿಗೆ ನೋವೇ ಆಗುವುದಿಲ್ಲ ಎಂಬ ಆ ಬಡಾಯಿಯನ್ನು ನಿರ್ದೇಶಕ ವಾಸನ್ ಬಾಲಾ ನಿಜ ಮಾಡಿಬಿಟ್ಟರು. ಅವರ ಮುಂಬೈ ಹುಡುಗ ಸೂರ್ಯನಿಗೆ ಹುಟ್ಟಿನಿಂದಲೇ ನೋವು ತಿಳಿಯದು. ವೈದ್ಯಶಾಸ್ತ್ರದಲ್ಲಿ ನಿಜವಾಗಿಯೂ ಇರುವ ಅಪರೂಪದ ಕಾಯಿಲೆ ಇದು. ಏಟಿಗೆ ಅಂಜದ ಈ ಹೀರೊ ನೀರು ಕುಡಿಯದಿದ್ದರೆ ಕುಸಿದುಬೀಳುತ್ತಾನೆ! ಹಾಗಾಗಿ ಹೊಡೆದಾಟಕ್ಕೆ ಹೊರಟಾಗಲೂ ಬೆನ್ನಲ್ಲಿ ನೀರಿನ ಚೀಲ, ಬಾಯಿಗೆ ಅದರ ನಳಿಕೆ. ಅವನ ಕುಂಗ್‌ಫು ಗುರುಗಳೆಂದರೆ ಹಳೆಯ ವಿಎಚ್‌ಎಸ್ ಕ್ಯಾಸೆಟ್‌ಗಳು.

ಎಂಬತ್ತರ ದಶಕದ ಚಿತ್ರಗಳಿಗೆ ನಮಿಸುವ ಸಿನಿಮಾ ಎಂದ ಮೇಲೆ ದ್ವಿಪಾತ್ರ ಬೇಡವೇ? ಒಂಟಿಕಾಲಿನ ಕರಾಟೆ ಮಣಿ ಮತ್ತು ಅವನ ಖಳ ಸೋದರ ಜಿಮ್ಮಿ, ಇಬ್ಬರೂ ನಮ್ಮ ಬೆಂಗಳೂರಿನ ಗುಲ್ಶನ್ ದೇವಯ್ಯ. ನಾಯಕ ಅಭಿಮನ್ಯು ದಸ್ಸಾನಿ, 1989ರ 'ಮೈನೆ ಪ್ಯಾರ್ ಕಿಯಾ' ಖ್ಯಾತಿಯ ಭಾಗ್ಯಶ್ರೀ ಅವರ ಮಗ.

ಇದೇ ದಶಕಕ್ಕೆ ನಮಿಸುವ ಸ್ವೀಡನ್ನಿನ ಚಿತ್ರ 'ಕುಂಗ್ ಫ್ಯೂರಿ' (2015) ತಯಾರಾದದ್ದು ಜನರಿಂದ ಎತ್ತಿದ 6 ಲಕ್ಷ ಡಾಲರಿಗೂ ಹೆಚ್ಚಿನ ವಂತಿಗೆಯಲ್ಲಿ. ಮುಂಬೈ ಚಿತ್ರಕ್ಕೆ ಆ ಕಷ್ಟ ಬರಲಿಲ್ಲ, ನಿರ್ಮಾಪಕ ರೋನಿ ಸ್ಕ್ರೂವಾಲಾ ಇದ್ದರು. ವಂತಿಗೆ ಸಿನಿಮಾ ನಮಗೇನೂ ಹೊಸತಲ್ಲ ಬಿಡಿ: ಗುಜರಾತಿನ 5 ಲಕ್ಷ ಹೈನುಗಾರರು ತಲಾ 2 ರೂಪಾಯಿ ಹಾಕಿ 'ಮಂಥನ್' (1976) ಮಾಡಿಸಿದ್ದರು, ಕನ್ನಡದಲ್ಲಿ ಪವನ್ ಕುಮಾರ್ ಅವರ 'ಲೂಸಿಯಾ' (2013) ಇದೆ.

2018ರ ಟೊರೊಂಟೊ ಚಿತ್ರೋತ್ಸವದ 'ಮಿಡ್‌ನೈಟ್ ಮ್ಯಾಡ್‌ನೆಸ್' ವಿಭಾಗದಲ್ಲಿ ಪ್ರೇಕ್ಷಕರ ಆಯ್ಕೆಯ ಪ್ರಶಸ್ತಿ ಸೂರ್ಯನ ಪಾಲಾಯಿತು. ಭಾರತದಲ್ಲಿ ಚಿತ್ರ ತೆರೆಕಂಡದ್ದು 2019ರ ಮಾರ್ಚ್ 21ರಂದು.