ಹೊಳೆಯ ಮಳೆ, ಹೊಲದ ಮಳೆ

ಹೂವಿನಹಡಗಲಿ ತಾಲ್ಲೂಕಿನ ಮಳೆಗಾಲದಲ್ಲಿ ಕೆಲವು ವರ್ಷ ಎದುರಾಗುವ ಸ್ಥಿತಿ ಹೊರಗಿನವರಿಗೆ ಒಗಟಾಗಿ ಕಾಣುತ್ತದೆ. ಆಗಸ್ಟಿನ ಒಂದು ವಾರ ಮದಲಗಟ್ಟಿ, ಕುರುವತ್ತಿಗಳಲ್ಲಿ ತುಂಗಭದ್ರೆ ದಡ ಮೀರುತ್ತದೆ. ಅದೇ ವಾರ ಹೊಳೆಯಿಂದ ಕೆಲವೇ ಹರದಾರಿ ಒಳಗಿನ ಮಸಾರಿ ಹೊಲದಲ್ಲಿ ಮೆಕ್ಕೆಜೋಳ ತೇವವಿಲ್ಲದೆ ಎಲೆ ಸುರುಳಿ ಸುತ್ತಿಕೊಂಡು ನಿಂತಿರುತ್ತದೆ. ಎರಡನ್ನೂ ನಾವು ‘ಮುಂಗಾರು’ ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಗೊಂದಲ ಹುಟ್ಟುವುದು ಅಲ್ಲೇ. ಹಡಗಲಿಯ ಹೊಳೆಗೆ ಬರುವ ಮಳೆ ಬೇರೆ, ಹಡಗಲಿಯ ಹೊಲಕ್ಕೆ ಬೀಳುವ ಮಳೆ ಬೇರೆ. ಇವೆರಡನ್ನು ಒಂದೇ ಲೆಕ್ಕಕ್ಕೆ ಕಟ್ಟಿದರೆ ನೆರೆಗೂ ತಯಾರಾಗುವುದಿಲ್ಲ, ಬರವನ್ನೂ ಹೊತ್ತಿಗೆ ಸರಿಯಾಗಿ ಗುರುತಿಸುವುದಿಲ್ಲ.

ಅರಬ್ಬಿ ಸಮುದ್ರದಿಂದ ಬರುವ ಗಾಳಿ ಪಶ್ಚಿಮ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ತಣಿಯುತ್ತದೆ, ಹೊತ್ತು ತಂದ ನೀರನ್ನು ಅಲ್ಲೇ ಇಳಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ. ಘಟ್ಟ ದಾಟಿ ಇಳಿಯುವಾಗ ಗಾಳಿ ಕಾಯುತ್ತದೆ, ಒಣಗುತ್ತದೆ; ಬಳ್ಳಾರಿ, ವಿಜಯನಗರ ಸೀಮೆಗೆ ದಕ್ಕುವುದು 600 ಮಿ.ಮೀ. ಆಸುಪಾಸು ಮಾತ್ರ. ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಅಂದರೆ ಉತ್ತರಿ, ಹಸ್ತ, ಚಿತ್ತಿ ಮಳೆಗಳ ಕಾಲದಲ್ಲಿ. ಪುನರ್ವಸು, ಪುಷ್ಯದಲ್ಲಿ ಮಲೆನಾಡು ಮುಳುಗುವಷ್ಟು ನೆನೆಯುವಾಗ ಇಲ್ಲಿ ಮೋಡ ಓಡುತ್ತದೆ, ಗಾಳಿ ಬೀಸುತ್ತದೆ, ತುಂತುರು ಉದುರುತ್ತದೆ. ಆ ಮಲೆನಾಡಿನ ನೀರು ಮಾತ್ರ ನದಿಯ ದಾರಿ ಹಿಡಿದು ಇಲ್ಲಿಗೇ ಬರುತ್ತದೆ. ಭದ್ರೆಗೆ ಲಕ್ಕವಳ್ಳಿಯಲ್ಲಿ 71.5 ಟಿಎಂಸಿ ಹಿಡಿಯುವ ಅಣೆಕಟ್ಟೆ ಇದೆ. ತುಂಗೆಗೆ ಗಾಜನೂರಿನಲ್ಲಿ ಇರುವುದು ಮೂರು ಟಿಎಂಸಿಗೆ ತುಸು ಹೆಚ್ಚು ಹಿಡಿಯುವ ಕಟ್ಟೆ. ಬೇಗ ತುಂಬಿ, ಬಂದ ನೀರನ್ನು ಬಂದಂತೆ ಕೆಳಗೆ ಬಿಡುತ್ತದೆ. ಕೂಡಲಿಯಲ್ಲಿ ಎರಡೂ ಸೇರಿದ ಮೇಲೆ ಕುಮುದ್ವತಿ, ಗಳಗನಾಥದ ಬಳಿ ವರದೆ ಕೂಡಿಕೊಳ್ಳುತ್ತವೆ. ಹಡಗಲಿ ಹೊಳೆಸಾಲಿನ ನೆರೆಗೆ ಹಡಗಲಿಯ ಆಕಾಶ ಸಾಕ್ಷಿಯಲ್ಲ ಎನ್ನುವುದು ಇದಕ್ಕೇ.

ಇಷ್ಟು ನೀರು ಎದುರಿಗೇ ಹರಿದುಹೋಗುವಾಗ ಅದನ್ನೇ ಎತ್ತಿ ಹೊಲಕ್ಕೆ ಹಾಯಿಸಿದರೆ ಈ ಭೇದ ಅಳಿಸಿಹೋಗುವುದಿಲ್ಲವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು, ಸಿಂಗಟಾಲೂರು ಏತ ನೀರಾವರಿ ಹುಟ್ಟಿದ್ದೇ ಈ ಆಸೆಯಿಂದ, ಅದು ತಲುಪುವ ಹೊಲಗಳಿಗೆ ಅದು ದೊಡ್ಡ ಆಸರೆ. ಆದರೆ ಪ್ರವಾಹದ ಗಾತ್ರವನ್ನು ಒಮ್ಮೆ ಅಳೆದು ನೋಡಬೇಕು. ಹೊಳೆಯಲ್ಲಿ 1 ಲಕ್ಷ ಕ್ಯುಸೆಕ್ ಹರಿದರೆ ಒಂದು ದಿನಕ್ಕೆ ಸುಮಾರು 8.6 ಟಿಎಂಸಿ ಆಯಿತು. ಹೊಸಪೇಟೆಯ ತುಂಗಭದ್ರಾ ಜಲಾಶಯವೇ ಹೂಳು ತುಂಬಿ 132 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿದೆ. ಬರಿದಾಗಿದ್ದರೂ ಈ ಹರಿವು ಅದನ್ನು ಹನ್ನೆರಡೇ ದಿನದಲ್ಲಿ ತುಂಬಿಬಿಡುತ್ತದೆ. ನೆರೆ ಬರುವುದು ದಿನಗಳ ಲೆಕ್ಕದಲ್ಲಿ, ಪಂಪು ಎತ್ತುವುದು ತಿಂಗಳುಗಳ ಲೆಕ್ಕದಲ್ಲಿ. ಕಾಲುವೆ ತಲುಪದ ಎರೆ, ಮಸಾರಿ ಹೊಲಗಳು ಆಮೇಲೂ ಮುಗಿಲನ್ನೇ ನಂಬಬೇಕು. ಅಲ್ಲಿ ಮೊತ್ತಕ್ಕಿಂತ ಹೊತ್ತು ಮುಖ್ಯ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಸರಾಸರಿಗಿಂತ ಶೇ 19 ಕಡಿಮೆಯಾದರೂ ಅದು ‘ವಾಡಿಕೆ ಮಳೆ’ಯೇ. ಮೆಕ್ಕೆಜೋಳ ಸೂಲಂಗಿ ಹೊರಡುವಾಗ ಇಪ್ಪತ್ತು ದಿನ ಹನಿ ಬೀಳದೆ, ತಿಂಗಳ ಕೊನೆಗೆ ಎರಡು ರಾತ್ರಿ ಸುರಿದುಹೋದರೂ ಮೊತ್ತ ವಾಡಿಕೆಗೆ ಮುಟ್ಟೀತು, ಕಾಳು ಕಟ್ಟುವುದಿಲ್ಲ. ಜಲಾಶಯ ತುಂಬಿದ ಸುದ್ದಿಯ ಪಕ್ಕದಲ್ಲಿ ಈ ರೈತರ ಬೆಳೆನಷ್ಟ ನಂಬಲಾಗದ ಮಾತಾಗಿ ಕೇಳಿಸುವುದು ನನಗೆ ಬಹಳ ನೋವಿನ ಸಂಗತಿ.

ಇನ್ನೊಂದು ಆಕ್ಷೇಪ ಇನ್ನೂ ಗಟ್ಟಿಯಾದದ್ದು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಮಳೆ ಬಿದ್ದದ್ದು ಬಯಲುಸೀಮೆಯ ಮೇಲೆಯೇ. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು, ಮಂತ್ರಾಲಯಕ್ಕೆ ನೀರು ನುಗ್ಗಿತು, ಅಕ್ಟೋಬರ್ 2ರಂದು ಕರ್ನೂಲು ಮುಳುಗಿತು. ಹಾಗಿದ್ದ ಮೇಲೆ ನೆರೆ ಮಲೆನಾಡಿನದು, ಬರ ಬಯಲಿನದು ಎಂಬ ಗೆರೆ ಎಲ್ಲಿ ಉಳಿಯಿತು? ನನ್ನ ಗೆರೆ ಊರುಗಳ ನಡುವಿನದಲ್ಲ, ಮಳೆಯ ಮೂಲಗಳ ನಡುವಿನದು. 2009ರ ಮಳೆಯನ್ನು ತಂದದ್ದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ. ಘಟ್ಟ ಅದಕ್ಕೆ ಅಡ್ಡ ಬರುವುದಿಲ್ಲ. ಹೊಲ ಮೊದಲೇ ನೆನೆದು ಹಸಿಯಾಗಿರುವ ಕಾಲ ಅದು. ಎರೆಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡರೆ ಮೇಲೆ ಬಿದ್ದ ನೀರು ಇಂಗದೆ ಹಳ್ಳಕ್ಕೆ ಓಡುತ್ತದೆ. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಕಡೆಯ ವರ್ಷವೆಲ್ಲ ಒಣಗಿದ ಹಳ್ಳಗಳು ಒಂದೇ ರಾತ್ರಿ ಸೇತುವೆ ಮೇಲೆ ಹರಿಯುವುದು, ಕೆರೆಕೋಡಿ ಬೀಳುವುದು ಇಂಥ ಮಳೆಗೇ.

ಹಾಗಾಗಿ ಎರಡು ನೆರೆಗೆ ಎರಡು ಕಾವಲು ಬೇಕು. ಆಗಸ್ಟಿನಲ್ಲಿ ಹೊಳೆಸಾಲಿನ ಪಂಚಾಯಿತಿಯ ಹಲಗೆಯ ಮೇಲೆ ತಾಲ್ಲೂಕಿನ ಮಳೆಯ ಅಂಕಿಗಿಂತ ಮೊದಲು ಗಾಜನೂರಿನ ಹೊರಹರಿವು, ಹೊನ್ನಾಳಿಯ ಮಟ್ಟ, ಮರೋಳದಲ್ಲಿ ವರದೆಯ ಮಟ್ಟ ಬರೆದಿರಬೇಕು. ಆ ನೀರು ಇಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ದನ, ಪಂಪುಸೆಟ್ಟು ಮೇಲಕ್ಕೆ ಸಾಗಿಸಲು ಹೊತ್ತು ಸಿಗುತ್ತದೆ. ಹಸ್ತದ ಮಳೆಯಲ್ಲಿ ಅಷ್ಟು ಹೊತ್ತು ಸಿಗುವುದಿಲ್ಲ. ಆಗ ನೋಡಬೇಕಾದದ್ದು ಕೊಲ್ಲಿಯ ಕಡೆಯ ಮುನ್ಸೂಚನೆ, ಊರ ಕೆರೆಯ ಏರಿ, ಮತ್ತು ಕೋಡಿಯ ಬಾಯಿಗೆ ಬೆಳೆದ ಜಾಲಿ.