ನರ್ಸಿಂಗ್‌ನಲ್ಲಿ ವಿಭಾಗದ ಆಯ್ಕೆ: ಸಂಬಳದ ಲೆಕ್ಕ ಹಾಕುವುದು ಹೇಗೆ?

ಬಿ.ಎಸ್‌ಸಿ. ನರ್ಸಿಂಗ್ ಕೊನೆಯ ವರ್ಷಕ್ಕೆ ಬರುತ್ತಿದ್ದಂತೆ ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ. ಐಸಿಯು, ಆಪರೇಷನ್ ಥಿಯೇಟರ್, ಡಯಾಲಿಸಿಸ್, ಹೆರಿಗೆ ವಿಭಾಗ, ಮಾನಸಿಕ ಆರೋಗ್ಯ, ಇವುಗಳಲ್ಲಿ ಯಾವುದಕ್ಕೆ ಹೋದರೆ ಸಂಬಳ ಹೆಚ್ಚು? ಮಗಳ ಅಥವಾ ಮಗನ ಓದಿಗೆ ಬ್ಯಾಂಕಿನಲ್ಲಿ ಸಾಲ ಮಾಡಿದ ಮನೆಗೆ ಇದು ನ್ಯಾಯವಾದ ಪ್ರಶ್ನೆಯೇ. ಸೇವೆಯ ವೃತ್ತಿ ಎಂಬ ಕಾರಣಕ್ಕೆ ಹಣದ ಮಾತು ಆಡಬಾರದು ಎಂದೇನೂ ಇಲ್ಲ. ಆದರೆ ಭಾರತದಲ್ಲಿ ನರ್ಸ್ ಒಬ್ಬರ ಸಂಬಳವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಕೆಲಸ ಮಾಡುವ ವಿಭಾಗವಲ್ಲ, ಕೆಲಸ ಕೊಡುವ ಸಂಸ್ಥೆ. ಇದನ್ನು ಅರಿಯದೆ ವಿಭಾಗ ಆರಿಸಿಕೊಂಡವರು ಕೆಲವು ವರ್ಷಗಳ ನಂತರ ನಿರಾಶರಾಗುವುದುಂಟು.

ಸರ್ಕಾರಿ ಸೇವೆಯಲ್ಲಿ ವಿಭಾಗದ ಬೆಲೆ ಎಷ್ಟು?

ಕೇಂದ್ರ ಸರ್ಕಾರದ ಆಸ್ಪತ್ರೆಗಳಲ್ಲಿ ನರ್ಸಿಂಗ್ ಆಫೀಸರ್ ಹುದ್ದೆ ಏಳನೇ ವೇತನ ಆಯೋಗದ ಪಟ್ಟಿಯಲ್ಲಿ 7ನೇ ಹಂತದಲ್ಲಿದೆ. ಈ ಹಂತದ ಆರಂಭದ ಮೂಲವೇತನ 44,900 ರೂಪಾಯಿ. ಇದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಸೇರುತ್ತವೆ. 2017ರ ಪರಿಷ್ಕರಣೆಯಲ್ಲಿ ನರ್ಸಿಂಗ್ ಭತ್ಯೆ ತಿಂಗಳಿಗೆ 4,800ರಿಂದ 7,200 ರೂಪಾಯಿಗೆ ಏರಿತು. 2024ರ ಜನವರಿಯಲ್ಲಿ ತುಟ್ಟಿಭತ್ಯೆ ಶೇ. 50 ಮುಟ್ಟಿದ ಮೇಲೆ ಅದು 9,000 ರೂಪಾಯಿ ಆಯಿತು. ಮಕ್ಕಳ ವಾರ್ಡ್‌ನಲ್ಲಿರುವವರಿಗೂ ಐಸಿಯುನಲ್ಲಿರುವವರಿಗೂ ಇವೆಲ್ಲ ಒಂದೇ.

ಅದೇ 2017ರ ಪರಿಷ್ಕರಣೆಯಲ್ಲಿ ಆಪರೇಷನ್ ಥಿಯೇಟರ್ ಭತ್ಯೆ ಎಷ್ಟಕ್ಕೆ ಏರಿತು ಎಂಬುದನ್ನು ಗಮನಿಸಬೇಕು: ತಿಂಗಳಿಗೆ 360ರಿಂದ 540 ರೂಪಾಯಿಗೆ. ಅಂದರೆ ಸರ್ಕಾರಿ ಕೆಲಸ ಸಿಕ್ಕವರಿಗೆ ಸಿಗದವರಿಗಿಂತ ಹತ್ತಾರು ಸಾವಿರ ರೂಪಾಯಿ ವ್ಯತ್ಯಾಸವಾದರೆ, ವಿಭಾಗದಿಂದ ಆಗುವ ವ್ಯತ್ಯಾಸ ಕೆಲವು ನೂರು ರೂಪಾಯಿ ಮಾತ್ರ.

ಏಮ್ಸ್ ಸಂಸ್ಥೆಗಳ ನೇಮಕಕ್ಕೆ ನಡೆಯುವ ನಾರ್ಸೆಟ್ ಪರೀಕ್ಷೆಗೆ ಬಿ.ಎಸ್‌ಸಿ. ನರ್ಸಿಂಗ್ ಮಾಡಿದವರು ಅರ್ಹರು. ಜಿ.ಎನ್.ಎಂ. ಮಾಡಿದವರಿಗೆ ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಊರಿನ ಚಿಕ್ಕ ನರ್ಸಿಂಗ್ ಹೋಮ್‌ನಲ್ಲಿ ಕಳೆದ ವರ್ಷಗಳು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಜಿ.ಎನ್.ಎಂ. ಮುಗಿಸಿದವರು ಮೊದಲ ಕೆಲಸ ಹಿಡಿಯುವಾಗ ವಿಭಾಗಕ್ಕೂ ಮೊದಲು ಹಾಸಿಗೆಗಳ ಸಂಖ್ಯೆ ಕೇಳುವುದು ಜಾಣತನ.

ಖಾಸಗಿ ಆಸ್ಪತ್ರೆಗಳಲ್ಲಿ

ಖಾಸಗಿ ನರ್ಸ್‌ಗಳ ಸಂಬಳದ ಬಗ್ಗೆ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ನೀಡಿದ ನಿರ್ದೇಶನದಂತೆ ಕೇಂದ್ರ ಸರ್ಕಾರ ಒಂದು ಸಮಿತಿ ರಚಿಸಿತು. ಸಮಿತಿಯ ಶಿಫಾರಸು ಹೀಗಿದೆ: 200ಕ್ಕಿಂತ ಹೆಚ್ಚು ಹಾಸಿಗೆಗಳ ಆಸ್ಪತ್ರೆಯಲ್ಲಿ ರಾಜ್ಯ ಸರ್ಕಾರಿ ನರ್ಸ್‌ಗಳಿಗೆ ಸಮನಾದ ಸಂಬಳ, 100ಕ್ಕಿಂತ ಹೆಚ್ಚು ಹಾಸಿಗೆಗಳಿದ್ದರೆ ಅದಕ್ಕಿಂತ ಗರಿಷ್ಠ ಶೇ. 10 ಕಡಿಮೆ, 50ರಿಂದ 100 ಹಾಸಿಗೆಗಳಿದ್ದರೆ ಗರಿಷ್ಠ ಶೇ. 25 ಕಡಿಮೆ, 50ಕ್ಕಿಂತ ಕಡಿಮೆ ಹಾಸಿಗೆಗಳಿದ್ದರೂ 20,000 ರೂಪಾಯಿಗೆ ಕಡಿಮೆ ಇರಬಾರದು. ಇದು ಶಿಫಾರಸು ಆಗಿರುವುದರಿಂದ ಎಲ್ಲ ಕಡೆ ಜಾರಿಯಾಗಿಲ್ಲ. ಆದರೂ ಸಂದರ್ಶನಕ್ಕೆ ಹೋಗುವವರ ಕೈಯಲ್ಲಿ ಇದೊಂದು ಅಳತೆಗೋಲು. ಇಲ್ಲಿಯೂ ಅಳತೆ ಆಸ್ಪತ್ರೆಯ ಗಾತ್ರವೇ ಹೊರತು ವಿಭಾಗವಲ್ಲ.

ಪತ್ರದಲ್ಲಿರುವ ಮೊತ್ತ, ಕೈಗೆ ಬರುವ ಮೊತ್ತ

ನೇಮಕ ಪತ್ರದಲ್ಲಿ ಬರೆಯುವ ಸಿಟಿಸಿ ಎಂಬ ವಾರ್ಷಿಕ ಮೊತ್ತ ಕೈಗೆ ಬರುವ ಸಂಬಳವಲ್ಲ. ಉದಾಹರಣೆಗೆ ಸಿಟಿಸಿ 3 ಲಕ್ಷ, ಮೂಲವೇತನ 15,000 ಎಂದುಕೊಳ್ಳೋಣ. ತಿಂಗಳಿಗೆ 25,000 ಆಗಬೇಕು. ಅದರಲ್ಲಿ ಸಂಸ್ಥೆ ಕಟ್ಟುವ ಪಿ.ಎಫ್. 1,800, ಉದ್ಯೋಗಿಯ ಪಾಲಿನ ಪಿ.ಎಫ್. 1,800 ಕಳೆದರೆ ಉಳಿಯುವುದು 21,400. ಗ್ರಾಚ್ಯುಟಿಯನ್ನೂ ಸಿಟಿಸಿಯಲ್ಲೇ ಸೇರಿಸಿದ್ದರೆ ಇನ್ನೂ ಸ್ವಲ್ಪ ಕಡಿಮೆ. ಹಾಸ್ಟೆಲ್, ಊಟಕ್ಕೆ ಹಿಡಿಯುವ ಹಣ ಇದ್ದರೆ ಅದೂ ಹೋಗುತ್ತದೆ.

ಈಗ ಸಾಲದ ಕಡೆ ನೋಡಬೇಕು. 3 ಲಕ್ಷ ರೂಪಾಯಿ ಸಾಲವನ್ನು ಶೇ. 10ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ತೀರಿಸುವುದಾದರೆ ತಿಂಗಳ ಕಂತು ಸುಮಾರು 3,965 ರೂಪಾಯಿ. ಪಿ.ಜಿ. ಬಾಡಿಗೆ, ಊಟಕ್ಕೆ 8,000 ಖರ್ಚಾದರೆ ಕೈಯಲ್ಲಿ ಉಳಿಯುವುದು ಒಂಬತ್ತು ಸಾವಿರದ ಚಿಲ್ಲರೆ. ಇದೇ ಕಾರಣಕ್ಕೆ, ಬೆಂಗಳೂರಿನಲ್ಲಿ ಎರಡು ಸಾವಿರ ಹೆಚ್ಚು ಕೊಡುವ ಕೆಲಸಕ್ಕಿಂತ ಮನೆಯಿಂದ ಹೋಗಿಬರುವ ಜಿಲ್ಲಾ ಕೇಂದ್ರದ ಕೆಲಸವೇ ಕೆಲವರಿಗೆ ಲಾಭವಾಗಬಹುದು.

ರಾತ್ರಿ ಪಾಳಿಯ ಲೆಕ್ಕ

ಕೆಲವು ಖಾಸಗಿ ಆಸ್ಪತ್ರೆಗಳು ಐಸಿಯು, ಓಟಿ ಮುಂತಾದ ವಿಭಾಗಗಳಿಗೆ ಪ್ರತ್ಯೇಕ ಭತ್ಯೆ ಕೊಡುತ್ತವೆ. ಅದು ತಿಂಗಳಿಗೆ 2,000 ರೂಪಾಯಿ, ಅಲ್ಲಿ ತಿಂಗಳಿಗೆ ಎಂಟು ನೈಟ್ ಡ್ಯೂಟಿ ಎಂದುಕೊಂಡರೆ, ಒಂದು ರಾತ್ರಿಯ ನಿದ್ದೆಗೆ ಸಿಗುವುದು 250 ರೂಪಾಯಿ. ಹೊರರೋಗಿ ವಿಭಾಗದಲ್ಲಿ ಹಗಲು ಕೆಲಸವೇ ಹೆಚ್ಚು. ಡಯಾಲಿಸಿಸ್ ಘಟಕಗಳಲ್ಲಿ ಸಾಮಾನ್ಯವಾಗಿ ನಿಗದಿತ ಪಾಳಿಗಳಿರುತ್ತವೆ. ಓಟಿಯಲ್ಲಿ ರಾತ್ರಿ ಪಾಳಿ ಕಡಿಮೆಯಿದ್ದರೂ ತುರ್ತು ಶಸ್ತ್ರಚಿಕಿತ್ಸೆಗೆ ಕರೆ ಬಂದಾಗ ಓಡಬೇಕಾಗುತ್ತದೆ. ಚಿಕ್ಕ ಮಕ್ಕಳಿರುವವರಿಗೆ, ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳುವವರಿಗೆ ಈ ಭೇದ ಭತ್ಯೆಗಿಂತ ದೊಡ್ಡದು.

ಒಂದು ವರ್ಷದ ಡಿಪ್ಲೊಮಾ ಮಾಡಬೇಕೆ?

ಕ್ರಿಟಿಕಲ್ ಕೇರ್, ಕ್ಯಾನ್ಸರ್, ನವಜಾತ ಶಿಶು, ಓಟಿ, ಮಾನಸಿಕ ಆರೋಗ್ಯ ಮುಂತಾದ ವಿಷಯಗಳಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ಮಾನ್ಯ ಮಾಡಿದ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳಿವೆ. ಇದರ ಖರ್ಚೆಂದರೆ ಶುಲ್ಕ ಮಾತ್ರವಲ್ಲ. ಮೇಲಿನ ಉದಾಹರಣೆಯಲ್ಲಿ ಒಂದು ವರ್ಷ ಕೆಲಸ ಬಿಟ್ಟರೆ 2,56,800 ರೂಪಾಯಿ ಸಂಬಳ ಹೋಯಿತು. ಶುಲ್ಕ 60,000 ಎಂದರೆ ಒಟ್ಟು 3,16,800. ಆ ಬಳಿಕ ತಿಂಗಳಿಗೆ 3,000 ಹೆಚ್ಚು ಸಿಕ್ಕರೂ ಈ ಮೊತ್ತ ಹಿಂದಿರುಗಲು ಸುಮಾರು ಒಂಬತ್ತು ವರ್ಷ ಬೇಕು. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಕೋರ್ಸ್ ಮುಗಿದು ಒಂದು ವರ್ಷದ ನಂತರ ಕಂತು ಆರಂಭವಾಗುತ್ತದೆ. ಪದವಿಯ ಬೆನ್ನಿಗೇ ಡಿಪ್ಲೊಮಾಗೆ ಸೇರುವವರು ಈ ದಿನಾಂಕವನ್ನು ಬ್ಯಾಂಕಿನಲ್ಲಿ ವಿಚಾರಿಸಿಕೊಂಡಿರಬೇಕು.

ತರಬೇತಿಯ ಅವಧಿಯಲ್ಲಿ ಸ್ಟೈಪೆಂಡ್ ಸಿಗುವುದಾದರೆ ಅಥವಾ ಆಸ್ಪತ್ರೆಯೇ ಓದಿಗೆ ಕಳಿಸುವುದಾದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಆ ಕೆಲಸದಲ್ಲೇ ಆಸಕ್ತಿ ಇರುವವರಿಗೆ ಡಿಪ್ಲೊಮಾ ಖಂಡಿತ ಬೆಲೆಯುಳ್ಳದ್ದು. ಸಂಬಳ ಹೆಚ್ಚಲಿ ಎಂಬ ಒಂದೇ ಕಾರಣಕ್ಕೆ ಮಾಡುವುದಾದರೆ ಎರಡು ಬಾರಿ ಯೋಚಿಸಬೇಕು.

ಮುಂದೆ ತೆರೆಯುವ ಬಾಗಿಲು

ವಿಭಾಗದ ನಿಜವಾದ ಬೆಲೆ ಈ ತಿಂಗಳ ಭತ್ಯೆಯಲ್ಲಿಲ್ಲ, ಐದು ವರ್ಷದ ನಂತರ ಅದು ಎಲ್ಲಿಗೆ ಒಯ್ಯುತ್ತದೆ ಎಂಬುದರಲ್ಲಿದೆ. ಐಸಿಯು ಅನುಭವಕ್ಕೆ ವಿದೇಶದಲ್ಲಿ ಬೇಡಿಕೆ ಇದೆ. ದೇಶದೊಳಗೂ ಎರಡು ವರ್ಷದ ‘ನರ್ಸ್ ಪ್ರ್ಯಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್’ ಎಂಬ ಸ್ನಾತಕೋತ್ತರ ಕೋರ್ಸ್ ಇದೆ. ಮಾನಸಿಕ ಆರೋಗ್ಯ ಆರಿಸುವವರಿಗೆ ಬೆಂಗಳೂರಿನ ನಿಮ್ಹಾನ್ಸ್ ಹತ್ತಿರದಲ್ಲೇ ಇರುವ ಉನ್ನತ ಕೇಂದ್ರ. ಹಳ್ಳಿಯಲ್ಲಿ ದುಡಿಯಲು ಒಪ್ಪುವವರಿಗೆ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆ ಇದೆ. ಅಲ್ಲಿ ಗೌರವಧನದ ಜೊತೆ ಕೆಲಸ ನೋಡಿ ಕೊಡುವ ಪ್ರೋತ್ಸಾಹಧನ ಇರುತ್ತದೆ, ಆದರೆ ನೇಮಕ ಗುತ್ತಿಗೆಯದ್ದು. ಬೋಧನೆಗೆ ಹೋಗುವವರು ಎಂ.ಎಸ್‌ಸಿ. ನರ್ಸಿಂಗ್ ಮಾಡಬೇಕು. ಅಲ್ಲಿ ಆರಿಸಿಕೊಂಡ ವಿಷಯವೇ ಮುಂದೆ ಕಲಿಸುವ ವಿಷಯವಾಗುತ್ತದೆ.

ವಿದೇಶದ ಅಂಕಿಗಳನ್ನು ಓದುವಾಗ

ವಿಭಾಗದಿಂದ ಸಂಬಳ ಬದಲಾಗುತ್ತದೆ ಎಂಬ ಮಾತು ಹೆಚ್ಚಾಗಿ ಅಮೆರಿಕದಿಂದ ಬಂದದ್ದು. ಅಲ್ಲಿನ ಸರ್ಕಾರಿ ಅಂಕಿಅಂಶದ ಪ್ರಕಾರ 2024ರ ಮೇ ತಿಂಗಳಲ್ಲಿ ನೋಂದಾಯಿತ ನರ್ಸ್‌ಗಳ ಮಧ್ಯಮ ವಾರ್ಷಿಕ ಸಂಬಳ 93,600 ಡಾಲರ್, ಅರಿವಳಿಕೆ ನರ್ಸ್‌ಗಳದ್ದು 2,23,210 ಡಾಲರ್. ಆದರೆ ಅರಿವಳಿಕೆ ನರ್ಸ್ ಆಗಲು ಐಸಿಯು ಅನುಭವದ ಮೇಲೆ ಈಗ ಡಾಕ್ಟರೇಟ್ ಮಟ್ಟದ ಓದು, ಪ್ರತ್ಯೇಕ ಪರವಾನಗಿ ಬೇಕು. ಅಂದರೆ ಅಲ್ಲಿಯೂ ಸಂಬಳ ಜಿಗಿಯುವುದು ವಾರ್ಡ್ ಬದಲಿಸಿದ್ದರಿಂದಲ್ಲ, ಅರ್ಹತೆ ಬದಲಾದದ್ದರಿಂದ. ಬ್ರಿಟನ್ನಿನ ಎನ್‌ಎಚ್‌ಎಸ್‌ನಲ್ಲಿ ಹೊಸ ನರ್ಸ್ ಯಾವ ವಾರ್ಡ್‌ಗೆ ಸೇರಿದರೂ ‘ಬ್ಯಾಂಡ್ 5’ ಸಂಬಳವೇ.

ಗಲ್ಫ್ ದೇಶಗಳ ನೇಮಕದಲ್ಲಿ ಸಾಮಾನ್ಯವಾಗಿ ಅದೇ ವಿಭಾಗದಲ್ಲಿ ಎರಡು ವರ್ಷದ ಅನುಭವ ಕೇಳುತ್ತಾರೆ. ಪದೇ ಪದೇ ವಿಭಾಗ ಬದಲಿಸಿದವರಿಗೆ ಇಲ್ಲಿ ತೊಡಕಾಗುತ್ತದೆ. ಏಜೆಂಟರಿಗೆ ಹಣ ಕೊಡುವ ಮೊದಲು ಆ ಸಂಸ್ಥೆ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ನೋಂದಣಿಯಾಗಿದೆಯೇ ಎಂದು ನೋಡಿಕೊಳ್ಳಬೇಕು.

ಕೆಲಸಕ್ಕೆ ಸೇರುವ ಮುನ್ನ ಕೇಳಬೇಕಾದವು

- ಎಲ್ಲ ಕಡಿತದ ನಂತರ ತಿಂಗಳಿಗೆ ಕೈಗೆ ಬರುವುದೆಷ್ಟು?
- ವಿಭಾಗದ ಭತ್ಯೆ ಬೇರೆ ವಾರ್ಡ್‌ಗೆ ಹಾಕಿದ ದಿನ ನಿಲ್ಲುತ್ತದೆಯೇ?
- ಒಂದು ಪಾಳಿಯಲ್ಲಿ ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು? ತಿಂಗಳಿಗೆ ಎಷ್ಟು ನೈಟ್ ಡ್ಯೂಟಿ?
- ಅನುಭವ ಪತ್ರದಲ್ಲಿ ವಿಭಾಗದ ಹೆಸರು, ಹಾಸಿಗೆಗಳ ಸಂಖ್ಯೆ ನಮೂದಿಸಿ ಕೊಡುತ್ತಾರೆಯೇ?
- ಬಾಂಡ್ ಇದೆಯೇ? ಮೂಲ ಅಂಕಪಟ್ಟಿಗಳನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತೇವೆ ಎನ್ನುತ್ತಾರೆಯೇ? ಹಾಗೆಂದರೆ ನಕಲು ಪ್ರತಿ ಮಾತ್ರ ಕೊಡುವುದು ಕ್ಷೇಮ.

ಈ ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಎರಡು ಮೂರು ಆಸ್ಪತ್ರೆಗಳನ್ನು ಹೋಲಿಸಿ ನೋಡಿದರೆ ಸಂಬಳದ ಪ್ರಶ್ನೆಗೆ ಬಹುಪಾಲು ಉತ್ತರ ಸಿಗುತ್ತದೆ. ಹೀಗೆ ಸಂಸ್ಥೆಯನ್ನು ಸಂಬಳ ನೋಡಿ ಆರಿಸಿದ ಮೇಲೆ, ವಿಭಾಗವನ್ನು ತಮ್ಮ ಮನಸ್ಸು, ಆರೋಗ್ಯ, ಮನೆಯ ಪರಿಸ್ಥಿತಿ ನೋಡಿ ಆರಿಸಿಕೊಳ್ಳಲು ಅವಕಾಶವಿರುತ್ತದೆ. ಹೆರಿಗೆ ವಿಭಾಗವನ್ನು ಇಷ್ಟಪಡುವ ಹುಡುಗಿ ಎರಡು ಸಾವಿರದ ಆಸೆಗೆ ಐಸಿಯು ಸೇರಬೇಕಾದ ಒತ್ತಾಯವೇನೂ ಇಲ್ಲ.